ಕೆಂಚ ದಾಟದ ಹೊಸ್ತಿಲು

ಹನ್ನೊಂದು ವರ್ಷದ ನಾಯಿಯನ್ನ ಯಾರಾದ್ರೂ ಮನೆಗೆ ತರ್ತಾರಾ ಅಂತ ಇಡೀ ಹೊಸ ತಿಪ್ಪಸಂದ್ರ ನನ್ನ ಕೇಳಿತು. ನಾನು ತರ್ತೀನಿ ಅಂದೆ. ಮರಿ ತಂದು ಅದರ ಹಿಂದೆ ಓಡೋ ವಯಸ್ಸು ನನ್ನದಲ್ಲ, ನನಗೂ ಐವತ್ತೆಂಟು. ನಮ್ಮ ಯಜಮಾನರು ಮುನಿರಾಜ್ ಏನೂ ಅನ್ನಲಿಲ್ಲ. ಮೂವತ್ತೆರಡು ವರ್ಷದ ಸಂಸಾರದಲ್ಲಿ ಅವರು ಕಲಿತಿರೋದೇ ಅದು.

ನಾಯಿ ಹೆಸರು ಕೆಂಚ. ಹಲಸೂರಿನಲ್ಲಿ ಒಬ್ಬರು ಅಜ್ಜಿ ಸಾಕಿದ್ದರು. ಅವರು ತೀರಿಕೊಂಡ ಮೇಲೆ, ನಾಯಿಗಳಿಗೆ ಮನೆ ಹುಡುಕಿಕೊಡೋ ಮಿಸ್ಬಾ ಕೈಗೆ ಬಂದಿದ್ದ. ಮಿಸ್ಬಾ ಫ್ರೇಜರ್ ಟೌನ್ ಹುಡುಗಿ, ಮಾತು ಮೆತ್ತಗೆ, ಆದ್ರೆ ಶರತ್ತು ಬಿಗಿ.

"ಆಂಟಿ, ಇವನಿಗೆ ಕಾಲು ನೋವಿದೆ. ಈ ಡಿಸೆಂಬರ್ ಚಳೀಲಿ ಹೊರಗೆ ಮಲಗಿಸಂಗಿಲ್ಲ. ಹದಿನೈದು ದಿನ ನೋಡ್ತೀನಿ. ಮನೆಯೊಳಗೆ ಹೊಂದಿಕೊಳ್ಳಲಿಲ್ಲ ಅಂದ್ರೆ ವಾಪಸ್ ಕರ್ಕೊಂಡು ಹೋಗ್ತೀನಿ. ಕೆ.ಆರ್. ಪುರದಲ್ಲಿ ಇನ್ನೊಂದು ಮನೆಯವರು ಕೇಳ್ತಿದ್ದಾರೆ."

"ಹದಿನೈದು ದಿನ ಯಾಕೆ, ನಾಳೆಗೇ ಸೋಫಾ ಮೇಲಿರ್ತಾನೆ ನೋಡು" ಅಂದೆ. ನನ್ನ ಬಾಯಿ ಅಂಥದ್ದು.

ಕೆಂಚ ಒಳಗೆ ಬರಲೇ ಇಲ್ಲ. ವರಾಂಡ ಹತ್ತಿದ, ಬಾಗಿಲಿಂದ ನಾಲ್ಕಡಿ ದೂರದಲ್ಲಿ ನಿಂತ, ಒಳಗೆ ಇಣುಕಿದ, ಬಾಲ ಅಲ್ಲಾಡಿಸಿದ, ಅಲ್ಲೇ ಮಲಗಿಬಿಟ್ಟ. ಬಿಸ್ಕತ್ತು ತೋರಿಸಿದೆ. ಕೋಳಿ ಸಾರಿನ ಪಾತ್ರೆಯನ್ನ ಹಾಲ್ ಮಧ್ಯದಲ್ಲಿಟ್ಟು ಮುಚ್ಚಳ ತೆಗೆದೆ. ಜೊಲ್ಲು ಸುರಿಸಿಕೊಂಡು ನೋಡಿದನೇ ಹೊರತು ಒಂದು ಹೆಜ್ಜೆ ಮುಂದಿಡಲಿಲ್ಲ. ಮೂರನೇ ದಿನ ಯಜಮಾನರು ಎತ್ಕೊಂಡೇ ಬರ್ತೀನಿ ಅಂತ ಹೋಗಿ ಸೊಂಟ ಹಿಡಿಸಿಕೊಂಡರು. ಆಮೇಲೆ ಎರಡು ದಿನ ಒಳಗೊಬ್ಬರು, ಹೊರಗೊಬ್ಬ, ಇಬ್ಬರ ಸೇವೆಯೂ ನನ್ನದೇ.

ಸಂಜೆಯಾದರೆ ಅವನಿಗೆ ಎರಡು ಕಂಬಳಿ ಹೊದಿಸ್ತಿದ್ದೆ. ಆದ್ರೂ ಬೆಳಿಗ್ಗೆ ಎದ್ದು ನಿಲ್ಲೋಕೆ ಒದ್ದಾಡ್ತಿದ್ದ. ನೋಡಿದ್ರೆ ಅಯ್ಯೋ ಅನ್ನಿಸೋದು. ಅದರ ಜೊತೆಗೆ ಕೋಪಾನೂ ಬರ್ತಿತ್ತು. ನನ್ನ ಮನೆಗೇನಾಗಿದೆ ರೋಗ? ಆ ಅಜ್ಜಿದೇನು ಅರಮನೆಯಾಗಿತ್ತಾ?

"ಪಾಪ, ಅವನಿಗೆ ಅಜ್ಜಿ ನೆನಪು ಕಣೇ" ಅಂದರು ಯಜಮಾನರು.

"ನೆನಪಿದ್ರೆ ಒಳಗೆ ಕೂತ್ಕೊಂಡು ನೆನಸ್ಕೊಳ್ಳಲಿ" ಅಂದೆ. ಆದ್ರೆ ಅವನಿಗೆ ನಾನೇ ಬೇಡವೇನೋ ಅನ್ನೋ ಸಂಕಟ ಶುರುವಾಗಿತ್ತು.

ಹದಿನೈದನೇ ದಿನ ಬೆಳಿಗ್ಗೆ ಹತ್ತಕ್ಕೆ ಮಿಸ್ಬಾ ಬರೋಳಿದ್ದಳು. ಹೋಗೋನು ಹೋಗಲಿ, ಕಳಿಸಿಕೊಡೋದಾದ್ರೂ ಚೆನ್ನಾಗಿ ಕಳಿಸಿಕೊಡೋಣ ಅಂತ ಗೇಟಿನ ಮುಂದೆ ನೀರು ಹಾಕಿ ಇಪ್ಪತ್ತೊಂದು ಚುಕ್ಕಿ ರಂಗೋಲಿ ಬಿಟ್ಟೆ. ದಿನಾ ಪುಟ್ಟದೊಂದು ಎಳೀತಿದ್ದೆ, ಪಕ್ಕದಲ್ಲಿ ಜಾಗ ಉಳೀತಿತ್ತು. ಅವತ್ತು ಈ ಕಂಬದಿಂದ ಆ ಕಂಬದವರೆಗೆ, ಬಣ್ಣ ತುಂಬಿ ಬಿಟ್ಟೆ. ರಂಗೋಲಿ ವಿಷಯದಲ್ಲಿ ನನ್ನ ಸಮ ಈ ರಸ್ತೇಲಿ ಯಾರೂ ಇಲ್ಲ, ಬೇರೆಯವರು ಹೇಳಲ್ಲ ಅಂತ ನಾನೇ ಹೇಳ್ತಿದೀನಿ.

ಅಷ್ಟರಲ್ಲಿ ಯಜಮಾನರು ಕೆಂಚನ ವಾಕಿಂಗ್ ಮುಗಿಸಿ ಬಂದರು. ಅವರು ರಂಗೋಲಿ ತುಳ್ಕೊಂಡೇ ಒಳಗೆ ಬಂದರು. ಕೆಂಚ ಬರಲಿಲ್ಲ. ಮುಂಗಾಲು ಎತ್ತಿದ, ಬಣ್ಣದ ಅಂಚು ಮೂಸಿದ, ಕಾಲು ಹಿಂದಕ್ಕೆ ತಗೊಂಡ. ಎಡಕ್ಕೆ ಹೋಗಿ ನೋಡಿದ, ಬಲಕ್ಕೆ ಹೋಗಿ ನೋಡಿದ, ದಾರಿ ಸಿಗದೆ ರಸ್ತೇಲೇ ಕೂತ.

"ಎಳೀಬೇಡ್ರೀ ಅವನನ್ನ" ಅಂತ ತಡೆದು, ನಮ್ಮ ಬಾಗಿಲ ಕಡೆ ತಿರುಗಿ ನೋಡಿದೆ. ಹೊಸ್ತಿಲ ಮುಂದಿನ ಕೆಂಪು ನೆಲದ ಮೇಲೆ ಗೃಹಪ್ರವೇಶಕ್ಕೆ ಅಂತ ನಾನೇ ಎರಡು ದಿನ ಕೂತು ಬಿಳಿ ಪೇಂಟಲ್ಲಿ ಬರೆದ ರಂಗೋಲಿ, ಗೋಡೆಯಿಂದ ಗೋಡೆಗೆ. ಆರು ವರ್ಷದಿಂದ ನಾವು ದಿನಕ್ಕೆ ಐವತ್ತು ಸಲ ಅದನ್ನ ತುಳಿದು ಓಡಾಡ್ತಿದೀವಿ. ರಂಗೋಲಿ ತುಳೀಬಾರದು ಅಂತ ಆ ಅಜ್ಜಿ ಕಲಿಸಿದ್ದರು, ಅವನು ಕಲಿತಿದ್ದ. ನಾನು ಹದಿನೈದು ದಿನ ಆ ಗೆರೆಗಳ ಮೇಲೇ ನಿಂತು, ಒಳಗೆ ಬಾರೋ ಅಂತ ಅವನನ್ನ ಬೈದಿದ್ದೆ.

ಪೊರಕೆ ತಗೊಂಡು ಗೇಟಿನ ಹತ್ರ ದಾರಿ ಮಾಡಿಕೊಟ್ಟೆ. ವರಾಂಡದವರೆಗೆ ಬಂದ. ಪೇಂಟಿನ ಮೇಲೆ ಚಾಪೆ ಹಾಸಿದೆ. ಕೆಂಚ ಮೂತಿಯಿಂದ ಚಾಪೆ ಅಂಚು ಎತ್ತಿ ನೋಡಿ, ಮತ್ತೆ ಮಲಗಿದ.

"ಮಹಡಿ ಮೇಲೆ ಪೇಂಟ್ ತೆಗೆಯೋ ಥಿನ್ನರ್ ಡಬ್ಬ ಇದೆ, ತನ್ನಿ" ಅಂದೆ.

"ಯಮುನಾ, ಆ ರಂಗೋಲೀನಾ?" ಅಂದರು ಯಜಮಾನರು. ಅಲ್ಲಿ ಟೈಲ್ಸ್ ಹಾಕಿಸೋಣ ಅಂದಿದ್ದಕ್ಕೆ ಒಂದು ಸಲ ಮೂರು ದಿನ ಅವರ ಜೊತೆ ಮಾತು ಬಿಟ್ಟಿದ್ದೆ.

"ತನ್ನಿ ಅಂದ್ನಲ್ಲ, ಗಂಟೆ ಒಂಬತ್ತಾಯ್ತು."

ಮಿಸ್ಬಾ ಬಂದಾಗ ನಾನು ಮಂಡಿಯೂರಿ ತಂತಿ ಬ್ರಷ್ಷಲ್ಲಿ ಉಜ್ಜುತ್ತಿದ್ದೆ. ಅವಳು ಕಾರಿನ ಹಿಂದಿನ ಬಾಗಿಲು ತೆಗೆದಿಟ್ಟೇ ಬಂದಿದ್ದಳು. ನನ್ನ ಕಣ್ಣಲ್ಲಿ ನೀರು. ಥಿನ್ನರ್ ಘಾಟು ಅಂತ ಹೇಳಬಹುದಿತ್ತು, ಸುಳ್ಳು ಯಾಕೆ, ಹೊಟ್ಟೆ ಉರೀತಿತ್ತು. ನನ್ನ ಕೈಯಾರೆ ಬರೆದಿದ್ದು ಅದು.

"ಏನ್ ಮಾಡ್ತಿದೀರ ಆಂಟಿ?"

"ಐದು ನಿಮಿಷ ಸುಮ್ನಿರಮ್ಮ."

ಕೊನೇ ಗೆರೆಯೂ ಹೋಯ್ತು. ನೆಲ ಒರೆಸಿ ಪಕ್ಕಕ್ಕೆ ಸರಿದು ಕೂತೆ. ಕರೆಯಲಿಲ್ಲ. ಕೆಂಚ ಕಷ್ಟಪಟ್ಟು ಎದ್ದ. ನೆಲ ಮೂಸಿ ಎರಡು ಸಲ ಸೀನಿದ. ಆಮೇಲೆ ಒಂದು ಕಾಲು ಇಟ್ಟ, ಇನ್ನೊಂದು ಇಟ್ಟ. ಹೊಸ್ತಿಲು ದಾಟಿ, ಹಾಲ್ ದಾಟಿ, ಸೀದಾ ನಮ್ಮ ರೂಮಿಗೆ ಹೋಗಿ ಮಂಚದ ಪಕ್ಕದ ಮ್ಯಾಟಿನ ಮೇಲೆ ಧೊಪ್ಪಂತ ಮಲಗಿದ.

ಮಿಸ್ಬಾ ಹೋಗಿ ಕಾರಿನ ಬಾಗಿಲು ಹಾಕಿ ಬಂದಳು.

"ಆ ಅಜ್ಜಿ ಹೆಸರೇನಮ್ಮ?" ಅಂತ ಕೇಳಿದೆ. ಅಷ್ಟು ದಿನ ಅವರ ಮೇಲೆ ಹೊಟ್ಟೆಕಿಚ್ಚು ಪಟ್ಟಿದ್ದೆ, ಹೆಸರು ಕೇಳಿರಲಿಲ್ಲ.

"ಬೈರಮ್ಮ ಅಂತ, ಆಂಟಿ."

ರೂಮಿಗೆ ಹೋಗಿ ಕೆಂಚನ ಪಕ್ಕ ನೆಲದ ಮೇಲೆ ಕೂತೆ. "ಬೈರಮ್ಮನೋರು ನಿನ್ನ ತುಂಬಾ ಚೆನ್ನಾಗಿ ಬೆಳೆಸಿದ್ದಾರೆ ಕಣೋ" ಅಂದೆ. ಹೆಸರು ಕೇಳಿದ್ದೇ ತಲೆ ಎತ್ತಿ ಬಾಗಿಲ ಕಡೆ ನೋಡಿದ. ಸ್ವಲ್ಪ ಹೊತ್ತು ಕಾದ. ಯಾರೂ ಬರಲಿಲ್ಲ. ಆಮೇಲೆ ತಲೆಯನ್ನ ನನ್ನ ತೊಡೆ ಮೇಲಿಟ್ಟು ಕಣ್ಣು ಮುಚ್ಚಿದ. ಅವತ್ತು ಮಧ್ಯಾಹ್ನದ ಅಡುಗೆ ಯಜಮಾನರೇ ಮಾಡಿದರು.