ಬಾಂಗೂ ಬೇಕು, ತಾಟೂ ಬೇಕು

ಚಡಚಣದ ಖಾಜಾಸಾಬನ ದ್ರಾಕ್ಷಿ ತೋಟದಲ್ಲಿ ಅಂದು ಗೊನೆ ಅದ್ದುವ ಕೆಲಸ. ಕಾಯಿ ದಪ್ಪ ಆಗಲೆಂದು ಎಳೆ ಗೊನೆಗಳನ್ನು ಹಾರ್ಮೋನಿನ ನೀರಿನಲ್ಲಿ ಒಂದೊಂದಾಗಿ ಅದ್ದಿ ತೆಗೆಯುತ್ತಾರೆ. ಹೋದ ವರ್ಷ ಕಾಯಿ ಸಣ್ಣವೇ ಉಳಿದವೆಂದು ಖಾಜಾಸಾಬ ಈ ಸಲ ಔಷಧ ಎರಡು ಪಟ್ಟು ಕಲಸಿದ್ದ.

ಮಗಳು ಮುಬೀನಾ ಆ ಬಕೆಟ್ಟನ್ನು ಎತ್ತಿ ಬದುವಿಗೆ ಸುರಿದುಬಿಟ್ಟಳು. ಇಂಡಿ ಪಟ್ಟಣದ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುವವಳು, ಅಪ್ಪನ ಸಿಟ್ಟಿಗೆ ಹೆದರುವವಳಲ್ಲ.

"ಹುಚ್ಚ ಹಿಡದೈತೇನ ನಿನಗ?"

"ಅಬ್ಬಾ, ಸಂಜಿಗೆ ಮಸೀದ್ಯಾಗ ಬಾಂಗ್ ಆತು, ತಾಟಿನ್ಯಾಗ ಏನೂ ಇಲ್ಲ ಅಂತ ತಿಳೀರಿ. ರೋಜಾ ಉಪಾಸ ಹೆಂಗ ಬಿಡ್ತೀರಿ?"

ಖಾಜಾಸಾಬ ಖಾಲಿ ಬಕೆಟ್ಟಿಗೆ ಕೈ ಹಾಕಿದ. ಮುಬೀನಾ ಬಿಡಲಿಲ್ಲ.

"ತಾಟ ತುಂಬೈತಿ, ಬಾಂಗ್ ಆಗಿಲ್ಲ. ಆವಾಗರೆ ಮುಟ್ಟತೀರೇನು? ಕಾಯಿಯೊಳಗಿನ ಒಂದೊಂದು ಜೀವಕೋಶನೂ ಹಂಗ. ಹಾರ್ಮೋನು ಬಾಂಗ್ ಇದ್ದಂಗ, ಎಲಿ ಕಳಸೂ ಸಕ್ಕರಿ ತಾಟ ಇದ್ದಂಗ. ಎರಡೂ ಕೂಡಿದ್ರ ಮಾತ್ರ ಅದು ಬೆಳಿಯೂ ಜೀನುಗಳನ್ನ ಎಬ್ಬಸತೈತಿ. ನೀವು ಬರೇ ಬಾಂಗ್ ಜೋರು ಮಾಡಾಕತ್ತೀರಿ. ಇಷ್ಟು ಗೊನಿಗೆ ಈ ಬಳ್ಳಿ ಎಲ್ಲಿಂದ ಉಣಸಬೇಕು?"

ಅವಳು ಕತ್ತರಿ ಮುಂದೆ ಹಿಡಿದಳು. ಅರ್ಧದಷ್ಟು ಗೊನೆಗಳನ್ನು ತೆಗೆಯಲೇಬೇಕು. ಖಾಜಾಸಾಬನೋ, ಅಲ್ಲಾ ಕೊಟ್ಟದ್ದನ್ನು ಕತ್ತರಿಸುವುದು ಗುನಾಹ, ಪಾಪ ಅನ್ನುವವನು; ಇಷ್ಟು ವರ್ಷ ಒಂದು ಎಳೆ ಗೊನೆಗೂ ಕತ್ತರಿ ಹಚ್ಚಿದವನಲ್ಲ. ಮುಬೀನಾ ಕೈ ಹಿಂದಕ್ಕೆ ತೆಗೆಯಲಿಲ್ಲ.

ಅವನು ಬಳ್ಳಿಯನ್ನು ಬುಡದಿಂದ ತುದಿತನಕ ನೋಡಿದ. ಆಮೇಲೆ ಕತ್ತರಿ ಕಸಿದುಕೊಂಡು ಮೊದಲ ಗೊನೆಯನ್ನು ತಾನೇ ಕತ್ತರಿಸಿದ.

"ತಾಟ ಎಣಸದನ ಊರಿಗೆಲ್ಲಾ ಊಟದ ದಾವತ್ ಹೇಳಿಬಿಟ್ಟಿದ್ನಿ, ಬೇಟಿ."