ಡೆಲ್ಲಿ ಮಾದಿಯ ಬೂತು

ಗಂಗೆ ಓಡುತ್ತಲೇ ಬಂದು ಶಾಲೆಯ ಮೆಟ್ಟಿಲ ಕೆಳಗೆ ಗಕ್ಕನೆ ನಿಂತಳು. ಸಾವಿನ ಮನೆಯಿಂದ ಬಂದವಳಾದ್ದರಿಂದ ಮೇಲೆ ಹತ್ತಲಿಲ್ಲ. ಅಂಗಳದಲ್ಲೇ ನಿಂತು ಕೇಳಿದಳು.

"ಮಾಸ್ತರೇ, ಈ ಬಾಗ್ಲು ಎಷ್ಟ್ ಹೊತ್ತಿನ ತನ್ಕ ತೆಗ್ದಿರ್ತದೆ?"

ಮತಗಟ್ಟೆಯ ಅಧಿಕಾರಿಯಾಗಿ ಬಂದಿದ್ದ ವಿಘ್ನೇಶ್ವರ ಹೆಗಡೆ ಹೊನ್ನಾವರದ ಕಡೆಯ ಶಾಲಾ ಮಾಸ್ತರರು. ಬೆಳಿಗ್ಗೆ ಎಂಟಕ್ಕೆ ಪೆಟ್ಟಿಗೆಗೆ ಮೊಹರು ಹಾಕಿ ಕೂತವರ ಎದುರು ಮಧ್ಯಾಹ್ನ ಎರಡಾದರೂ ಒಬ್ಬನೇ ಒಬ್ಬ ಮತದಾರ ಬಂದಿರಲಿಲ್ಲ. ಹೊಳೆಯ ನಡುವಿನ ಈ ಕುರ್ವೆಯಲ್ಲಿ ಮತಗಟ್ಟೆ ಬೇಕೆಂದು ನಾಲ್ಕು ವರ್ಷ ಅರ್ಜಿ ಹಾಕಿದ ಜನ ಇವರೇನಾ ಎಂದು ಅವರಿಗೆ ಸಿಟ್ಟೂ ಬಂದಿತ್ತು. ಈಗ ಗಂಗೆ ಹೇಳಿದ ಮೇಲೆ ವಿಷಯ ತಿಳಿಯಿತು. ಆ ಅರ್ಜಿ ಹಾಕಿದವಳು, ಗಂಗೆಯ ಗಂಡನ ಅಕ್ಕ ಮಾದಿ, ಇವತ್ತು ಬೆಳಗಿನ ಜಾವ ತೀರಿಕೊಂಡಿದ್ದಳು. ಹೆಣ ಕೇರಿಯಲ್ಲಿರುವಾಗ ಯಾರೂ ಒಲೆ ಹಚ್ಚುವಂತಿಲ್ಲ, ಬೇರೆ ಕೆಲಸಕ್ಕೆ ಹೊರಡುವಂತಿಲ್ಲ. ಮಾದಿಯ ಒಬ್ಬಳೇ ಮಗಳು ಭಟ್ಕಳದಿಂದ ಬರಬೇಕು. ಅವಳು ಬರದೆ ಹೆಣ ಎತ್ತುವಂತಿಲ್ಲ.

"ಐದರ ಒಳಗೆ ಸಾಲಲ್ಲಿ ನಿಂತವರಿಗೆಲ್ಲ ಚೀಟಿ ಕೊಡ್ತೇನೆ" ಎಂದರು ಹೆಗಡೆ ಮಾಸ್ತರರು. "ಚೀಟಿ ಕೈಲಿದ್ದವರು ಆಮೇಲೆ ಎಷ್ಟು ಹೊತ್ತಾದರೂ ವೋಟು ಹಾಕಲಿಕ್ಕೆ ಅಡ್ಡಿಲ್ಲ. ಐದು ದಾಟಿ ಬಂದವರಿಗೆ ಮಾತ್ರ ನಾನು ಎಂತ ಮಾಡೂಕೂ ಆಗೂದಿಲ್ಲ."

ಗಂಗೆ ತಲೆಯಾಡಿಸಿ ಬಂದ ದಾರಿಯಲ್ಲೇ ಓಡಿದಳು.

*

ಮಾದಿ ಗಂಡನನ್ನು ಸಮುದ್ರಕ್ಕೆ ಕಳೆದುಕೊಂಡಾಗ ಅವಳಿಗೆ ಇಪ್ಪತ್ತಾರು. ಕುಮಟೆಯ ಕಡೆಯ ಒಬ್ಬ ಸರಕಾರಿ ಸಾಹೇಬರ ಹೆಂಡತಿ ಮಕ್ಕಳನ್ನು ನೋಡಿಕೊಳ್ಳಲು ಜನ ಹುಡುಕುತ್ತಿದ್ದಳು. ಮಾದಿ ಮಗಳನ್ನು ತನ್ನ ತಮ್ಮನ, ಅಂದರೆ ಗಂಗೆಯ ಗಂಡ ಶನಿಯಾರನ, ಮನೆಯಲ್ಲಿ ಬಿಟ್ಟು ಅವರ ಜೊತೆ ದಿಲ್ಲಿಯ ರೈಲು ಹತ್ತಿದಳು. ಅಲ್ಲಿ ಬಂಗಲೆಗಳ ಹಿಂದೆ ಆಳುಗಳಿಗೆಂದು ಕಟ್ಟಿದ ಒಂದೊಂದು ಕೋಣೆಯ ಸಾಲುಮನೆಗಳಿದ್ದವು. ಅಂಥ ಒಂದು ಕೋಣೆಯಲ್ಲಿ ಇಪ್ಪತ್ತೊಂದು ವರ್ಷ ಕಳೆದಳು.

ನಲವತ್ತು ಕೋಣೆಗೆ ಒಂದೇ ನಲ್ಲಿ. ಬೇಸಿಗೆಯಲ್ಲಿ ಅದೂ ಬತ್ತುತ್ತಿತ್ತು. ಯಾರಿಗೆ ಹೇಳಬೇಕೆಂದು ಮಾದಿ ಪಕ್ಕದ ಕೋಣೆಯ ಡ್ರೈವರನನ್ನು ಕೇಳಿದಾಗ ಅವನು ನಕ್ಕಿದ್ದ. ಬೇರೆ ರಾಜ್ಯಗಳಿಗಿರುವಂತೆ ದಿಲ್ಲಿಗೆ ವಿಧಾನಸಭೆ ಇಲ್ಲ, ದೊಡ್ಡ ಮಾತೇನಿದ್ದರೂ ಲೋಕಸಭೆಯಲ್ಲೇ ಆಡಬೇಕು, ಅಲ್ಲಿ ದಿಲ್ಲಿಯ ಪರವಾಗಿ ಏಳು ಜನ ಕೂರುತ್ತಾರೆ ಎಂದಿದ್ದ. ಆ ಏಳರಲ್ಲಿ ನಮ್ಮವರು ಯಾರು ಎಂದು ಮಾದಿ ಕೇಳಿದಳು. ಯಾರೂ ಅಲ್ಲ ಎಂದ ಅವನು. ಬಂಗಲೆಯ ಯಜಮಾನರ ಹೆಸರು ಮತದಾರರ ಪಟ್ಟಿಯಲ್ಲಿದೆ, ಹಿಂದಿನ ಕೋಣೆಗಳಿಗೆ ಮನೆ ನಂಬರೇ ಇಲ್ಲ, ಹಾಗಾಗಿ ಅಲ್ಲಿ ಮಲಗುವವರ ಹೆಸರೂ ಇಲ್ಲ.

ಮಾದಿಗೆ ಅದು ತಲೆಯಲ್ಲಿ ಕೂತುಬಿಟ್ಟಿತು. ಪಾರ್ಲಿಮೆಂಟಿನ ದುಂಡು ಕಟ್ಟಡ ಅವಳು ತರಕಾರಿಗೆ ಹೋಗುವ ದಾರಿಯಿಂದ ಕಾಣುತ್ತಿತ್ತು. ಅಷ್ಟು ಹತ್ತಿರ ಇದ್ದೂ ಒಳಗೆ ತಮ್ಮ ಪರವಾಗಿ ಉಸಿರೆತ್ತುವವರಿಲ್ಲ. ಪಟ್ಟಿ ಮಾಡುವ ಕಚೇರಿಗೆ ಅವಳು ಹನ್ನೊಂದು ಸಲ ಹೋದಳು. ನೀನು ಮದರಾಸಿನವಳು, ಊರಿಗೆ ಹೋಗಿ ವೋಟು ಹಾಕು ಎಂದು ಗುಮಾಸ್ತ ಅಟ್ಟಿದ. ತನ್ನ ಊರು ಮದರಾಸಲ್ಲ ಎಂದು ಅವಳು ತನಗೆ ಬರುವ ಮುರುಕು ಹಿಂದಿಯಲ್ಲಿ ತಿದ್ದಿದಳು. ಇಪ್ಪತ್ತು ವರ್ಷ ಈ ಊರಿನ ಮಕ್ಕಳನ್ನು ಎತ್ತಿ ಆಡಿಸಿದ್ದೇನೆ, ನಾನು ಈ ಊರಿನವಳಲ್ಲದೆ ಮತ್ತೆ ಯಾವ ಊರಿನವಳು ಎಂದು ಕೇಳಿದಳು. ಹನ್ನೆರಡನೆಯ ಸಲ ಸಾಲುಮನೆಯ ಮೂವತ್ತೆಂಟು ಹೆಂಗಸರನ್ನು ಕರೆದುಕೊಂಡು ಹೋಗಿ ಕಚೇರಿಯ ಮೆಟ್ಟಿಲ ಮೇಲೆ ಕೂರಿಸಿದಳು. ಸಂಜೆಯೊಳಗೆ ಅರ್ಜಿಗಳೆಲ್ಲ ಒಳಗೆ ಹೋದವು.

ಎಪ್ಪತ್ತೇಳರ ಮಾರ್ಚಿನಲ್ಲಿ ಅವರೆಲ್ಲ ವೋಟು ಹಾಕಿದರು. ಮಳೆಗಾಲಕ್ಕೆ ಮೊದಲು ಸಾಲುಮನೆಗೆ ಎರಡನೆಯ ನಲ್ಲಿ ಬಂತು. ಅದು ಯಾರು ಹೇಳಿ ಬಂತೋ ಮಾದಿಗೆ ಸರಿಯಾಗಿ ಗೊತ್ತಾಗಲೇ ಇಲ್ಲ. ಆದರೆ ಚುನಾವಣೆ ಕಳೆದು ಒಂದು ದಿನ ಬಿಳಿ ಜುಬ್ಬಾದ ಒಬ್ಬಾತ ಬಂದು, ಇಲ್ಲಿ ಎಷ್ಟು ವೋಟಿದೆ ಎಂದು ಕೇಳಿ, ಬರೆದುಕೊಂಡು ಹೋಗಿದ್ದನ್ನು ಅವಳು ಮರೆಯಲಿಲ್ಲ.

*

ಸಾಹೇಬರು ನಿವೃತ್ತರಾದ ಮೇಲೆ ಅವಳು ಕುರ್ವೆಗೆ ಮರಳಿದಳು. ಕೇರಿಯ ಜನ ಅವಳನ್ನು ಡೆಲ್ಲಿ ಮಾದಿ ಎಂದು ಕರೆಯತೊಡಗಿದರು. ಎಂಬತ್ತರ ಜನವರಿಯಲ್ಲಿ ಮತ್ತೆ ಲೋಕಸಭೆಯ ಚುನಾವಣೆ ಬಂತು. ಮತಗಟ್ಟೆ ಹೊಳೆಯ ಆಚೆ ದಡದಲ್ಲಿತ್ತು. ಅವತ್ತು ಇಳಿತ ಬಂದು ನೀರು ಸರಿದು ದೋಣಿ ಕೆಸರಿನಲ್ಲಿ ಕೂತುಬಿಟ್ಟಿತು. ತೊಡೆಯವರೆಗೆ ಹೂಳುವ ಕೆಸರನ್ನು ತುಳಿದು ಆಚೆ ಹೋದ ಹೆಂಗಸರು ಮೂವರೇ. ಉಳಿದವರು ಯಾವತ್ತಿನಂತೆ ಕೆಸರಿನ ಚಿಪ್ಪುಮೀನು ಬಳಚು ಹೆಕ್ಕಲು ಬುಟ್ಟಿ ಹಿಡಿದು ಹೋದರು.

ಆ ಸಂಜೆ ಮಾದಿ ಕಾಲಿನ ಕೆಸರು ತೊಳೆಯುತ್ತ ಗಂಗೆಗೆ ಹೇಳಿದ ಮಾತು ಕೇರಿಯಲ್ಲಿ ಎಲ್ಲರಿಗೂ ಬಾಯಿಪಾಠವಾಗಿತ್ತು.

"ಡೆಲ್ಲಿಗೆ ಏಳು ಜನ ಇದ್ರು. ನಮ್ಗೆ ಕಾರವಾರದಿಂದ ಭಟ್ಕಳದ ತನ್ಕ, ಘಟ್ಟದ ಮೇಲಿನವ್ರೂ ಸೇರಿ ಒಬ್ನೇ. ಆ ಒಬ್ಬಂಗೂ ನಾವು ಇದ್ದದ್ದೇ ಗೊತ್ತಿಲ್ಲ ಅಂದ್ರೆ ಹೆಂಗೆ?"

ಅಕ್ಷರ ಬಾರದ ಮಾದಿ ಕುರ್ವೆಯ ಶಾಲೆಯ ಮಾಸ್ತರರಿಂದ ಅರ್ಜಿ ಬರೆಸಿದಳು. ಕುಮಟೆಗೆ, ಕಾರವಾರಕ್ಕೆ ಅಲೆದಳು. ಅಕ್ಕನಿಗೆ ಡೆಲ್ಲಿಯ ಹುಚ್ಚು ಬಿಟ್ಟಿಲ್ಲ ಎಂದು ಶನಿಯಾರನೂ ನಗುತ್ತಿದ್ದ. ನಾಲ್ಕನೆಯ ವರ್ಷ ಕಚೇರಿಯಿಂದ ಒಬ್ಬರು ಬಂದು ಶಾಲೆಯನ್ನು ನೋಡಿದರು. ಕುರ್ವೆಯಲ್ಲಿ ಇನ್ನೂರಾ ಮೂವತ್ತು ವೋಟಿದೆ, ಈ ಸಲ ಇಲ್ಲೇ ಬೂತು ಕೊಡುತ್ತೇವೆ, ಅರ್ಧ ಜನವಾದರೂ ಬರದಿದ್ದರೆ ಮುಂದಿನ ಸಲ ಆಚೆ ದಡಕ್ಕೇ ಹೋಗಬೇಕು ಎಂದು ಹೇಳಿ ಹೋದರು. ಚುನಾವಣೆಗೆ ವಾರ ಇರುವಾಗ ಮಾದಿ ಜ್ವರ ಬಂದು ಮಲಗಿದಳು.

*

ಮಗಳು ಮಹಾಲಕ್ಷ್ಮೀ ದೋಣಿಯಿಂದ ಇಳಿದಾಗ ನಾಲ್ಕೂ ಕಾಲಾಗಿತ್ತು. ಅಂಗಳದಲ್ಲಿ ಗಂಡಸರು ಚಟ್ಟ ಕಟ್ಟಿ ಮುಗಿಸಿ ಕೂತಿದ್ದರು. ಹೆಂಗಸರು ಅವಳನ್ನು ಅಪ್ಪಿಕೊಂಡು ಅತ್ತರು. ಗಂಗೆ ಮಾತ್ರ ಅವಳ ಕಿವಿಯ ಹತ್ತಿರ ಬಾಗಿ ಶಾಲೆಯ ವಿಷಯ ಹೇಳಿದಳು. ಹೇಳುವಾಗ ಅವಳಿಗೇ ನಾಚಿಕೆಯಾಯಿತು. ಹೆತ್ತವಳ ಮುಖ ನೋಡಲು ಅಷ್ಟು ದೂರದಿಂದ ಬಂದವಳಿಗೆ ಗಡಿಯಾರ ತೋರಿಸುವುದು ಹೇಗೆ?

ಮಹಾಲಕ್ಷ್ಮೀ ತಾಯಿಯ ತಲೆಯ ಹತ್ತಿರ ಕೂತಳು. ಹಣೆಯ ಮೇಲೆ ಕೈಯಿಟ್ಟಳು. ಬಾಲ್ಯವೆಲ್ಲ ದಿಲ್ಲಿಯಿಂದ ಬರೆಸಿ ಕಳಿಸಿದ ಕಾಗದಗಳಲ್ಲೇ ನೋಡಿದ ತಾಯಿ. ಕೂತು ಅಳಲು ಬೇಕಾದಷ್ಟಿತ್ತು. ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಮಾವನ ಕಡೆ ತಿರುಗಿದಳು.

"ಅವ್ವಿ ಮುಖ ನೋಡ್ದೆ. ಆತು. ಎತ್ತಿ, ಮಾವ."

ಶನಿಯಾರ ಅಲುಗಾಡಲಿಲ್ಲ. ಇಷ್ಟು ಅವಸರವೇ ಎಂಬಂತೆ ಕೇರಿಯ ಹಿರಿಯ ಕುಪ್ಪನ ಮುಖ ನೋಡಿದ. ಬೆಳಿಗ್ಗೆಯಿಂದ ಯಾರನ್ನೂ ಶಾಲೆಯ ಕಡೆ ಹೋಗಗೊಡದವನು ಕುಪ್ಪ.

"ಮಗಳೇ ಹೇಳ್ದ ಮೇಲೆ ಮತ್ತೆಂತ?" ಎಂದ ಕುಪ್ಪ, ಹೆಗಲಿನ ಪಂಜಿಬಟ್ಟೆಯನ್ನು ಸೊಂಟಕ್ಕೆ ಬಿಗಿದ.

ಚಟ್ಟ ಎದ್ದಿತು. ಗಂಡಸರೆಲ್ಲ ಅದರ ಹಿಂದೆ ಕುರ್ವೆಯ ತುದಿಯ ಮಸಣದ ಕಡೆ ನಡೆದರು. ಅವರಾರಿಗೂ ಐದರೊಳಗೆ ಮರಳುವುದು ಸಾಧ್ಯವಿರಲಿಲ್ಲ. ಉಳಿದದ್ದು ಹೆಂಗಸರ ವೋಟು ಮಾತ್ರ. ಹೆಣ ಹೋದ ಮೇಲೆ ತಲೆಗೆ ನೀರು ಬೀಳದೆ ಅವರೂ ಎಲ್ಲಿಗೂ ಹೋಗುವಂತಿರಲಿಲ್ಲ. ಕೇರಿಗಿದ್ದದ್ದು ಒಂದು ಬಾವಿ, ಎರಡು ಕೊಡಪಾನ. ನೂರಕ್ಕೂ ಹೆಚ್ಚು ಹೆಂಗಸರು ಬಾವಿಕಟ್ಟೆಯ ಸುತ್ತ ನೂಕಾಡಿ ನಿಂತರು. ಐದಕ್ಕೆ ಇಪ್ಪತ್ತು ನಿಮಿಷವಿತ್ತು.

ಚಟ್ಟಕ್ಕೆ ಹೆಗಲು ಕೊಟ್ಟಿದ್ದ ಕುಪ್ಪ ಗದ್ದೆಯ ಅಂಚಿನಲ್ಲಿ ತಿರುಗಿ ನೋಡಿದ. ಹೆಗಲ ಭಾರವನ್ನು ಇನ್ನೊಬ್ಬನಿಗೆ ಕೊಟ್ಟು ನಾಲ್ಕು ಹೆಜ್ಜೆ ಹಿಂದೆ ಬಂದ.

"ಬಾವಿ ಎಂತಕ್ಕೆ?" ಎಂದು ಅಲ್ಲಿಂದಲೇ ಕೂಗಿದ. "ಹೊಳೆ ತುಂಬ್ ಬಂದದೆ. ಎಲ್ಲಾರೂ ಒಂದ್ ಮುಳ್ಗು ಹಾಕಿ ಹೋಗಿ."

*

ಹೆಗಡೆ ಮಾಸ್ತರರು ಬಾಗಿಲಿಗೆ ಬಂದು ಗಡಿಯಾರ ನೋಡಿಕೊಳ್ಳುತ್ತಿದ್ದರು. ಐದಕ್ಕೆ ಮೂರು ನಿಮಿಷವಿರುವಾಗ ತೆಂಗಿನ ಮರಗಳ ಸಂದಿಯಲ್ಲಿ ಹೆಂಗಸರು ಕಂಡರು. ಓಡಿ ಬರುತ್ತಿದ್ದರು. ಸೀರೆಗಳು ಮೈಗಂಟಿದ್ದವು, ಕೂದಲಿನಿಂದ ನೀರು ಇಳಿಯುತ್ತಿತ್ತು. ಮುದುಕಿಯರನ್ನು ಎರಡೂ ಕಡೆ ಹಿಡಿದು ನಡೆಸಿ ತರುತ್ತಿದ್ದರು. ಅಂಗಳಕ್ಕೆ ಬಂದವರೇ ಒಬ್ಬರ ಹಿಂದೊಬ್ಬರು ನಿಂತರು. ಸಾಲು ಶಾಲೆಯನ್ನು ಸುತ್ತಿ ಗೇರುಮರದವರೆಗೆ ಹೋಯಿತು.

ಸರಿಯಾಗಿ ಐದಕ್ಕೆ ಮಾಸ್ತರರು ಅಂಗಳಕ್ಕಿಳಿದು, ನಿಯಮದಂತೆ ಸಾಲಿನ ಕೊನೆಯಿಂದ ಚೀಟಿ ಹಂಚುತ್ತ ಬಂದರು. ಮುಂದೆ ನಿಂತಿದ್ದ ಗಂಗೆಯ ಕೈಗೆ ಕೊನೆಯ ಚೀಟಿ ಬಂತು.

"ಎಷ್ಟಾತು, ಮಾಸ್ತರೇ?"

"ನೂರಾ ಹತ್ತೊಂಬತ್ತು."

ಅರ್ಧ ದಾಟಿತ್ತು. ಆ ಸಂಖ್ಯೆ ಸಾಲಿನುದ್ದಕ್ಕೂ ಬಾಯಿಂದ ಬಾಯಿಗೆ ಹಿಂದಕ್ಕೆ ಹೋಯಿತು. ಗೇರುಮರದ ಕೆಳಗೆ ಯಾರೋ ಅಳುತ್ತ ನಕ್ಕರು.

ಒಳಗೆ ಬೇರೊಂದು ತೊಡಕು ಕಾದಿತ್ತು. ಒದ್ದೆ ಬೆರಳಿನ ಮೇಲೆ ಶಾಯಿ ನಿಲ್ಲುತ್ತಿರಲಿಲ್ಲ, ಇಳಿದು ಹೋಗುತ್ತಿತ್ತು. ಒರೆಸಿಕೊಳ್ಳಲು ಯಾರ ಮೈಮೇಲೂ ಒಣಗಿದ ಸೆರಗಿರಲಿಲ್ಲ. ಭಟ್ಕಳದಲ್ಲಿ ತನ್ನ ವೋಟು ಬಿಟ್ಟು ಬಂದಿದ್ದ ಮಹಾಲಕ್ಷ್ಮೀ ಹೊಳೆಯಲ್ಲಿ ಮುಳುಗಿ, ಬದಲಿಸಲೆಂದು ತಂದಿದ್ದ ಸೀರೆಯ ಗಂಟನ್ನು ಕಂಕುಳಲ್ಲಿಟ್ಟುಕೊಂಡು ಜಗಲಿಯ ಕಂಬಕ್ಕೆ ಒರಗಿ ನಿಂತಿದ್ದಳು. ಅವಳು ಗಂಟು ಬಿಚ್ಚಿದಳು.

ಬಾಗಿಲಿನ ಹೊರಗೆ ನಿಂತು ಒಬ್ಬೊಬ್ಬರ ಎಡಗೈಯನ್ನೂ ಹಿಡಿದು ಬೆರಳು ಒರೆಸಿ ಒಳಗೆ ಕಳಿಸತೊಡಗಿದಳು. ಬಳಚು ಹೆಕ್ಕಿ ಒಡೆದ ಬೆರಳುಗಳು, ಬಲೆ ಎಳೆದು ಜಡ್ಡುಗಟ್ಟಿದ ಬೆರಳುಗಳು. ಒಳಗೆ ಲಾಟೀನು ಹಚ್ಚಿದರು. ಮೇಜಿನ ಕೆಳಗೆ ನೀರು ನಿಂತು ಮಾಸ್ತರರು ಚಪ್ಪಲಿ ಎತ್ತಿ ಬೆಂಚಿನ ಮೇಲಿಟ್ಟರು. ಸೀರೆಯ ಒಂದು ತುದಿ ನೆನೆದರೆ ಮಹಾಲಕ್ಷ್ಮೀ ಇನ್ನೊಂದು ತುದಿ ಹಿಡಿಯುತ್ತಿದ್ದಳು. ಅದೂ ಪೂರ್ತಿ ನೆನೆದ ಮೇಲೆ ಜಗಲಿಯ ಅಂಚಿಗೆ ಬಂದು ಬಲವಾಗಿ ಹಿಂಡಿ, ಕೊಡವಿ, ಮುಂದಿನ ಕೈಗೆ ಕೈ ಚಾಚಿದಳು.