ವೆಂಡೆಲ್ ಕರೆದ ಹುಂಜ

ರಾಯ್ಸ್‌ನ ಹಲ್ಲುಗಳು ಉದುರಿದ ವರ್ಷದಿಂದಲೇ ಟರ್ಕಿ ಹುಂಜಗಳೂ ಅವನ ಮಾತು ಕೇಳುವುದನ್ನು ಬಿಟ್ಟವು. ಅಲ್ಲಿಯವರೆಗೆ ಅಮೆರಿಕದ ಓಝಾರ್ಕ್ ಗುಡ್ಡಗಳ ಆ ಮೂಲೆಯಲ್ಲಿ ಕಾಡುಟರ್ಕಿ ಹಕ್ಕಿಯನ್ನು ಬೇಟೆಗೆ ಕರೆಯುವವನೆಂದರೆ ಅವನೇ. ತೆಳು ರಬ್ಬರಿನ ಪೀಪಿಯನ್ನು ಅಂಗುಳಕ್ಕೆ ಒತ್ತಿಕೊಂಡು ಹೇಂಟೆಯಂತೆ ಕೂಗಿದನೆಂದರೆ ಸಾಕು, ಎದುರು ಗುಡ್ಡದ ಹುಂಜ ರೆಕ್ಕೆ ಇಳಿಬಿಟ್ಟು, ಬಾಲವನ್ನು ಬೀಸಣಿಗೆ ಮಾಡಿಕೊಂಡು, ಮದುಮಗನ ಠೀವಿಯಲ್ಲಿ ನಡೆದು ಬರುತ್ತಿತ್ತು. ಕಟ್ಟುಹಲ್ಲು ಬಂದ ಮೇಲೆ ಪೀಪಿ ಬಾಯಲ್ಲಿ ನಿಲ್ಲುವುದೇ ಇಲ್ಲ. ಊದಿದರೆ ಒಂದಿಷ್ಟು ಗಾಳಿ, ಒಂದಿಷ್ಟು ಜೊಲ್ಲು.

ಅದಕ್ಕಿಂತ ಸಂಕಟದ ಸಂಗತಿ ಎಂದರೆ, ಆ ವಿದ್ಯೆ ಈಗ ವೆಂಡೆಲ್‌ನ ಬಾಯಲ್ಲಿತ್ತು. ವೆಂಡೆಲ್ ಊರಿನ ಕ್ಷೌರದಂಗಡಿಯವನು, ರಾಯ್ಸ್‌ನ ಜೀವದ ಗೆಳೆಯ. ಕಲಿಸಿದವನು ರಾಯ್ಸ್. ಮೊದಮೊದಲು ಅವನ ಕೂಗು ಕೇಳಿ, "ಆ ಬಾಗಿಲಿಗೆ ಒಂದು ತೊಟ್ಟು ಎಣ್ಣೆ ಬಿಡೋ" ಎಂದು ನಕ್ಕವನೂ ರಾಯ್ಸ್. ಈಗ ವೆಂಡೆಲ್‌ನ ಅಂಗಡಿಯ ಕನ್ನಡಿಯ ಮೇಲೆ, ಅವನು ಹೊಡೆದ ಹುಂಜಗಳ ಎದೆಗೂದಲಿನ ಗೊಂಚಲುಗಳು ಸಾಲಾಗಿ ತೂಗುತ್ತಿದ್ದವು. ಕೂದಲು ಕತ್ತರಿಸಿಕೊಳ್ಳಲು ಕುಳಿತಾಗಲೆಲ್ಲ ರಾಯ್ಸ್ ಕಣ್ಣು ಮುಚ್ಚಿಕೊಳ್ಳುತ್ತಿದ್ದ.

ಆ ಏಪ್ರಿಲ್‌ನಲ್ಲಿ ಬೇಟೆಯ ಕಾಲ ಶುರುವಾದ ಬೆಳಿಗ್ಗೆ ಇಬ್ಬರೂ ಗುಡ್ಡ ಹತ್ತಿದರು. ಇನ್ನೂ ಮಬ್ಬು. ಮೇಲಿನ ಓಕ್ ಮರದಿಂದ ಹುಂಜವೊಂದು ಗುಡುಗಿತು. ರಾಯ್ಸ್ ಜೇಬಿನಿಂದ ಮರದ ಡಬ್ಬಿ ತೆಗೆದು, ಅದರ ಮುಚ್ಚಳ ತೀಡಿ ಹೇಂಟೆಯ ದನಿ ಹೊರಡಿಸಿದ. ಹುಂಜ ಬಾಯಿ ಮುಚ್ಚಿಕೊಂಡಿತು. ಮತ್ತೆ ತೀಡಿದ. ಕಾಡೇ ಮೌನವಾಯಿತು.

"ನಾನು ಕರೀತೀನಿ, ನೀನು ಹೊಡಿ" ಎಂದು ವೆಂಡೆಲ್ ಪಿಸುಗುಟ್ಟಿದ.

"ಏನು, ನನಗೆ ಭಿಕ್ಷೆ ಹಾಕ್ತಿದೀಯಾ?"

"ಹೋಗಲೇ. ನಿನ್ನ ಗುರಿ ನನಗೆಲ್ಲಿ ಬರತ್ತೆ? ಸುಮ್ನೆ ಕೂತ್ಕೊ."

ರಾಯ್ಸ್ ಮರಕ್ಕೊರಗಿ, ಮೊಣಕಾಲ ಮೇಲೆ ಕೋವಿ ಊರಿಕೊಂಡು ಕುಳಿತ. ವೆಂಡೆಲ್ ಹಿಂದೆ ಸರಿದು ಕೂಗಿದ. ಒಂದೇ ಒಂದು ಮೆಲ್ಲನೆಯ ಕೂಗು. ಹುಂಜ ಬಾಯಿ ತುಂಬ ಉತ್ತರ ಕೊಟ್ಟಿತು, ಮರದಿಂದ ಧುಮುಕಿತು, ಒಣ ಎಲೆಗಳನ್ನು ಸರಬರ ಮಾಡುತ್ತ ನೇರ ಬಂತು. ಕೆಂಪು, ಬಿಳಿ, ನೀಲಿ ಬೆರೆತ ಬೋಳು ತಲೆ. ಮೊದಲ ಬಿಸಿಲಿಗೆ ಗರಿಗಳು ಕಂಚಿನಂತೆ ಹೊಳೆಯುತ್ತಿದ್ದವು. ಅಂಥ ಹುಂಜವನ್ನು ರಾಯ್ಸ್ ಎಷ್ಟೋ ವರ್ಷಗಳಿಂದ ನೋಡಿರಲಿಲ್ಲ.

ಕೋವಿಯ ಕುದುರೆ ಒತ್ತಿದರೆ ಮುಗಿದಿತ್ತು. ಆದರೆ ಆ ಗಳಿಗೆಯಲ್ಲಿ ಅವನಿಗೆ ಕಂಡದ್ದು ಹುಂಜವಲ್ಲ, ಅಂಗಡಿಯಲ್ಲಿ ಕುಳಿತ ಜನ. 'ವೆಂಡೆಲ್ ಕರೆದು ಕೊಟ್ಟನಂತೆ, ಪಾಪ, ರಾಯ್ಸ್ ಹೊಡೆದನಂತೆ.' ಆ 'ಪಾಪ' ಕಿವಿಗೆ ಬಿದ್ದಂತಾಗಿ ಹೊಟ್ಟೆಯೊಳಗೆ ಕೆಂಡ ಬಿತ್ತು. ಅವನು ಕೈಯೆತ್ತಿ ತಲೆಯ ಟೋಪಿ ತೆಗೆದ.

ಹುಂಜ ಬೆದರಿ 'ಪಟ್' ಎಂದಿತು. ಮರುಕ್ಷಣ ಅಲ್ಲಿ ಏನೂ ಇರಲಿಲ್ಲ.

"ಏನಾಯ್ತೋ?" ವೆಂಡೆಲ್ ಓಡಿ ಬಂದ.

"ಸೊಳ್ಳೆ."

"ಈ ಚಳೀಲಿ ಸೊಳ್ಳೆನಾ?"

ವೆಂಡೆಲ್ ರಾಯ್ಸ್‌ನ ಮಡಿಲಲ್ಲಿದ್ದ ಟೋಪಿಯನ್ನು ಒಮ್ಮೆ ನೋಡಿ, ಮುಂದೆ ನಡೆದ. ವಾಪಸಾಗುವಾಗ ಗಾಡಿಯಲ್ಲಿ ತಾನು ತಂದಿದ್ದ, ಸಾಸೇಜ್ ತುಂಬಿದ ಬಿಸ್ಕೆಟ್‌ ರೊಟ್ಟಿಯನ್ನು ಮುರಿದು, ಮಾಂಸ ಹೆಚ್ಚಾಗಿದ್ದ ತುಂಡನ್ನೇ ರಾಯ್ಸ್‌ನ ಕೈಗಿಟ್ಟ. ರಾಯ್ಸ್ ಅದನ್ನು ಹಾಗೇ ಕಾಗದದಲ್ಲಿ ಸುತ್ತಿ ಜೇಬಿಗಿಟ್ಟ.

ಮಂಗಳವಾರ ರಾಯ್ಸ್ ಕ್ಷೌರಕ್ಕೆ ಹೋದಾಗ, ದನದ ಮೇವು ಮಾರುವ ಎಮ್ಮೆಟ್ ಅಲ್ಲೇ ಕುಳಿತಿದ್ದ.

"ದೊಡ್ಡ ಹುಂಜ ಕೈತಪ್ಪಿತಂತಲ್ಲಯ್ಯಾ?"

"ನಂದೇ ತಪ್ಪು" ಎಂದ ವೆಂಡೆಲ್, ಕತ್ತರಿ ಆಡಿಸುತ್ತಲೇ. "ಪೀಪಿ ಗಂಟಲಿಗೆ ಜಾರ್ತು, ಕೆಮ್ಮಿಬಿಟ್ಟೆ. ರಾಯ್ಸ್ ಗುರಿ ಹಿಡ್ಕೊಂಡು ಕೂತೇ ಇದ್ದ."

ಎಮ್ಮೆಟ್ ತೊಡೆ ತಟ್ಟಿಕೊಂಡು ನಕ್ಕ. ರಾಯ್ಸ್‌ಗೆ ಮೈಯೆಲ್ಲ ಉರಿಯಿತು. ಕೂಗುವುದರಲ್ಲಿ ಗೆದ್ದವನು ಒಳ್ಳೆಯತನದಲ್ಲೂ ಗೆದ್ದುಬಿಟ್ಟನಲ್ಲ! ಅದನ್ನೂ ಇವನಿಗೇ ಬಿಟ್ಟುಕೊಡಬೇಕೆ?

"ಸುಳ್ಳು" ಎಂದ. "ಅವನು ಕೆಮ್ಮಲಿಲ್ಲ. ನಾನೇ ಟೋಪಿ ತೆಗ್ದು ಓಡ್ಸಿದ್ದು. ಬೇಕಂತಲೇ."

"ಯಾಕಯ್ಯಾ?" ಎಮ್ಮೆಟ್ ಬಾಯಿ ಬಿಟ್ಟ.

"ನಾನು ಕರೆದಾಗ ಬರ್ಲಿಲ್ಲ. ಇವನು ಕರೆದಾಗ ಬಂತು. ಅದಕ್ಕೆ."

ಕತ್ತರಿ ನಿಂತಿತು. ಎಮ್ಮೆಟ್ ಏನೋ ಕೆಲಸ ನೆನಪಾದವನಂತೆ ಎದ್ದು ಹೋದ.

"ನೀನು ಕರೀತಿದ್ದ ಕಾಲದಲ್ಲಿ ನಿನ್ನ ಹಿಂದೆ ಕೂತು ನನಗೂ ಹೊಟ್ಟೆ ಉರೀತಿತ್ತು ಕಣೋ" ಎಂದ ವೆಂಡೆಲ್ ಕೊನೆಗೆ. ದನಿಯಲ್ಲಿ ನಗು ಇರಲಿಲ್ಲ. "ಆದ್ರೆ ನಿನ್ನ ಹುಂಜಾನ ನಾನು ಯಾವತ್ತೂ ಓಡಿಸ್ಲಿಲ್ಲ."

ಶನಿವಾರ ವೆಂಡೆಲ್‌ನ ಗಾಡಿ ಬರಲಿಲ್ಲ. ಕಾದು ಕಾದು ರಾಯ್ಸ್ ಒಬ್ಬನೇ ಗುಡ್ಡಕ್ಕೆ ಹೋದ. ಡಬ್ಬಿಯನ್ನು ಹೊರಗೆ ತೆಗೆಯಲೂ ಮನಸ್ಸಾಗಲಿಲ್ಲ. ಬಿಸಿಲೇರುವ ಹೊತ್ತಿಗೆ ಹಳ್ಳದಾಚೆಯ ಇಳಿಜಾರಿನಿಂದ ಹೇಂಟೆಯೊಂದು ಕೂಗಿತು. ಹೇಂಟೆಯಲ್ಲ, ವೆಂಡೆಲ್. ಕೂಗಿನ ಕೊನೆಯಲ್ಲಿ ಸ್ವಲ್ಪ ಎಳೆಯುವುದು ರಾಯ್ಸ್ ತಾನೇ ಕಲಿಸಿದ್ದು. ಹುಂಜ ಗುಡುಗಿತು, ಮತ್ತೆ ಇನ್ನೂ ಹತ್ತಿರದಿಂದ ಗುಡುಗಿತು. ಆಮೇಲೆ ಒಂದು ಗುಂಡಿನ ಸದ್ದು.

ರಾಯ್ಸ್ ಕಟ್ಟುಹಲ್ಲು ಕಚ್ಚಿಕೊಂಡು ಬಹಳ ಹೊತ್ತು ಕುಳಿತ. ಹೊಟ್ಟೆಯೊಳಗಿನ ಕೆಂಡ ಆರಲಿಲ್ಲ. ಆರುವುದಿಲ್ಲವೆಂದು ಖಾತ್ರಿಯಾದ ಮೇಲೆ ಎದ್ದು, ಕೋವಿಯಿಂದ ತೋಟಾ ತೆಗೆದು, ಹಳ್ಳ ದಾಟಿದ.

"ಬರ್ತಿದೀನಿ, ಹೊಡೀಬೇಡ್ವೋ!" ಎಂದು ದೂರದಿಂದಲೇ ಕೂಗಿದ.

"ಹೊಡೆಯೋ ಮನಸ್ಸಂತೂ ಇದೆ" ಎಂಬ ಉತ್ತರ ಬಂತು.

ಹುಂಜ ಎಲೆಗಳ ಮೇಲೆ ಬಿದ್ದಿತ್ತು. ಅದೇ ಹುಂಜವೋ ಬೇರೆಯದೋ, ಇಬ್ಬರೂ ಕೇಳಿಕೊಳ್ಳಲಿಲ್ಲ. ರಾಯ್ಸ್ ಬಗ್ಗಿ ಅದರ ಕಾಲು ಹಿಡಿದ.

"ಬಿಡು, ಭಾರ ಇದೆ."

"ಕಾಣ್ತಿದೆ. ನಿನ್ನ ಸೊಂಟ ಸರಿ ಇಲ್ಲ, ನಾನು ಹೊರ್ತೀನಿ."

ವೆಂಡೆಲ್ ರಾಯ್ಸ್‌ನ ಕೋವಿಯನ್ನೂ ತಾನೇ ತೆಗೆದುಕೊಂಡು ಮುಂದೆ ಹೊರಟ. ರಾಯ್ಸ್ ಹುಂಜವನ್ನು ಹೆಗಲಿಗೇರಿಸಿಕೊಂಡು, ಉರಿಯುವ ಹೊಟ್ಟೆಯಲ್ಲೇ, ಅವನ ಹಿಂದೆ ಇಳಿಜಾರು ಇಳಿದ.